ನಾರ್ವೆ ದೊರೆಯ ಏಳು ಮಾತು

ಹಲ್ಲುಜ್ಜುವಾಗ ಸುಮ್ಮನಿದ್ದಿದ್ದರೆ ಸೂರಪ್ಪನಿಗೆ ಆ ದಿನ ಏನೂ ಆಗುತ್ತಿರಲಿಲ್ಲ. ರಾಯದುರ್ಗದ ಕೋಟೆ ಬೆಟ್ಟದ ನೆರಳು ಇನ್ನೂ ಓಣಿಯಿಂದ ಸರಿದಿರಲಿಲ್ಲ. ಆತ ಹಿತ್ತಲಲ್ಲಿ ಕುಕ್ಕುರುಗಾಲಲ್ಲಿ ಕೂತು, ಬೇವಿನ ಕಡ್ಡಿಯನ್ನು ಬಲದವಡೆಯಿಂದ ಎಡದವಡೆಗೆ ದಾಟಿಸುತ್ತ, ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ: "ಸ್ಕ್ರೆಡರ್... ಸ್ಮೇ... ಕೊಕ್... ಲೇಗೆ..." ಒಂದೊಂದು ಮಾತಿಗೂ ಒಂದೊಂದು ಸಲ ಉಗುಳುತ್ತಿದ್ದ.

ಮೋಟು ಗೋಡೆಯ ಆಚೆ ಪಕ್ಕದ ಮನೆಯ ಹಂಪಕ್ಕ ಹಾಲು ಕರೆಯುತ್ತಿದ್ದಳು. ಆಕೆಯ ತವರು ಕಲ್ಯಾಣದುರ್ಗದ ಕಡೆ, ಬರೀ ತೆಲುಗು ಸೀಮೆ. ಅಲ್ಲಿ ಎಳೆಗರುವಿಗೆ ಲೇಗ ಎನ್ನುತ್ತಾರೆ. ಹಂಪಕ್ಕನ ಎಳೆಗರು ಮೊನ್ನೆಯಿಂದ ಕೆಚ್ಚಲಿಗೆ ಬಾಯಿ ಹಾಕಿರಲಿಲ್ಲ. ಈಗ ನೋಡಿದರೆ ಪಕ್ಕದ ಮನೆಯ ಗಂಡಸು ಸೂರ್ಯ ಹುಟ್ಟುವ ಹೊತ್ತಿಗೆ ಸರಿಯಾಗಿ, ಮೂಡಲಿಗೆ ಮುಖ ಮಾಡಿ, ಕರುವಿನ ಹೆಸರು ಹೇಳಿ ಹೇಳಿ ಉಗುಳುತ್ತಿದ್ದಾನೆ. ಆಕೆ ಕರೆಯುವುದನ್ನು ಅರ್ಧಕ್ಕೆ ನಿಲ್ಲಿಸಿ, ಚೆಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಕ್ಕೆ ಹೋದಳು. ಸೂರಪ್ಪ ಅವಳನ್ನು ನೋಡಲೇ ಇಲ್ಲ. ಅವನ ಗಮನವೆಲ್ಲ ಐದನೆಯ ಮಾತು ಯಾವುದು ಎಂಬುದರ ಮೇಲಿತ್ತು.

ಸೂರಪ್ಪ ತಾಲ್ಲೂಕು ಕಚೇರಿಯ ಮುಂದಿನ ಹುಣಸೆಮರದಡಿ ಕೂತು ಅರ್ಜಿ ಬರೆಯುವವನು. ಯಾರೇ ಬರಲಿ, ಯಾವ ಕಷ್ಟವೇ ಹೇಳಲಿ, ಮೊದಲು ಹೆಸರು, ತಂದೆಯ ಹೆಸರು, ಕಸುಬು, ಮತ ಈ ನಾಲ್ಕನ್ನು ಕೇಳದೆ ಲೇಖಣಿಯನ್ನು ದವತಿಗೆ ಅದ್ದುವವನಲ್ಲ. ಮನೆಗೆ ಬೆಂಕಿ ಬಿದ್ದು ಓಡಿಬಂದವನನ್ನೂ ಮತ ಯಾವುದೆಂದು ಕೇಳಿಯೇ ಮುಂದಿನ ಸಾಲಿಗೆ ಹೋಗಿದ್ದ.

ಜರ್ಮನಿಯವರ ಯುದ್ಧ ಶುರುವಾಗಿ ಎರಡನೆಯ ವರ್ಷ ಅದು. ಹಿಂದಿನ ವಾರ ಅವನ ಮರದಡಿಗೆ ಒಬ್ಬ ಬಿಳಿಯ ಬಂದ. ತಾಳೆಮರದಷ್ಟು ಎತ್ತರ, ಜೋಳದ ತೆನೆಯ ಬಣ್ಣದ ಮೀಸೆ. ಬಳ್ಳಾರಿಯ ರೈಲಿನಲ್ಲಿ ಬೆಟ್ಟ ನೋಡಲು ಬಂದವನ ಚೀಲ ರೈಲಿನಲ್ಲೇ ಉಳಿದುಹೋಗಿತ್ತು. ಅಷ್ಟನ್ನು ಕೈಸನ್ನೆಯಲ್ಲಿ ಹೇಳಿದ. ಅವನಿಗೆ ಬರುತ್ತಿದ್ದ ಇಂಗ್ಲಿಷು ಎಸ್ಸು ನೋ ಎರಡೇ, ಅದರಲ್ಲೂ ನೋ ಹೆಚ್ಚು. ಯಾವ ಊರು ಎಂದರೆ "ನೋರ್ಗೆ, ನೋರ್ಗೆ" ಎಂದ. ನಾರ್ವೆ ಇರಬೇಕು ಎಂದು ಸೂರಪ್ಪ ಭೂಪಟದ ನೆನಪಿನ ಮೇಲೆ ಊಹಿಸಿದ. ಹೆಸರು ಕೇಳಿದರೆ ಆತ ಎದೆ ಮುಟ್ಟಿಕೊಂಡು "ಐನಾರ್" ಎಂದ. ಐನಾರು ಎಂದರೆ ನಮ್ಮಲ್ಲಿ ಪೂಜೆಯ ಅಯ್ಯನವರು. ಸೂರಪ್ಪ ಗಡಬಡಿಸಿ ಎದ್ದು, ತನ್ನ ಚಾಪೆ ಬಿಟ್ಟುಕೊಟ್ಟು ಕೈಮುಗಿದ. ಅದು ಅವನ ಹೆಸರೇ ಹೊರತು ಕಸುಬಲ್ಲ ಎಂದು ತಿಳಿಯುವ ಹೊತ್ತಿಗೆ ದೊರೆ ಚಾಪೆಯ ಮೇಲೆ ಚೆನ್ನಾಗಿ ತಳವೂರಿದ್ದ.

ಕಸುಬು ತಿಳಿಯಲು ಸೂರಪ್ಪ ಪಟ್ಟ ಪಾಡು ಬಯಲಾಟದವರೂ ಪಟ್ಟಿರಲಾರರು. ಗಾಳಿಯಲ್ಲಿ ಸೂಜಿ ಹಿಡಿದು ಹೊಲಿದು ತೋರಿಸಿದ. ದೊರೆ ತಲೆಯಲ್ಲಾಡಿಸಿ "ಸ್ಕ್ರೆಡರ್, ನೋ" ಎಂದ. ಸೂರಪ್ಪ ಸುತ್ತಿಗೆ ಎತ್ತಿ ಇಲ್ಲದ ಕಬ್ಬಿಣ ಬಡಿದ. "ಸ್ಮೇ, ನೋ." ದೊರೆಯ ನಾಡಿ ಹಿಡಿದು ಕಣ್ಣು ಮುಚ್ಚಿದ. "ಲೇಗೆ, ನೋ." ಕಚೇರಿಯ ಕಿಟಕಿಯಲ್ಲಿ ಕಾಣುತ್ತಿದ್ದ ಮ್ಯಾಜಿಸ್ಟ್ರೇಟ್ ಸಾಹೇಬರ ಕಡೆ ಬೆರಳು ತೋರಿ, ನೀನೂ ಹಾಗೇನಾದರೂ ಇದ್ದೀಯೇನು ಎಂದು ಭಯಭಕ್ತಿಯಿಂದ ಕೇಳಿದ. ದೊರೆ ಗಹಗಹಿಸಿ ನಕ್ಕು "ದೊಮ್ಮರ್? ನೋ, ನೋ" ಎಂದ. ಕೊನೆಗೆ ಸೂರಪ್ಪ ಹಂಡೆಯಲ್ಲಿ ಸೌಟು ತಿರುವಿದಾಗ ದೊರೆ ಹಿಗ್ಗಿ ಅವನ ಬೆನ್ನು ತಟ್ಟಿದ: "ಕೊಕ್! ಎಸ್, ಕೊಕ್!" ಹಡಗಿನ ಅಡಿಗೆಯವನು. ಮತ ಕೇಳಲು ಕೈಮುಗಿದು ಆಕಾಶ ನೋಡಿದರೆ "ಕ್ರಿಸ್ಟನ್" ಎಂದ. ಆಮೇಲೆ ಸೂರಪ್ಪನ ಹಣೆಯ ವಿಭೂತಿಯನ್ನು ತೋರಿಸಿ, ಪ್ರೀತಿಯಿಂದಲೇ ಮುಗುಳ್ನಕ್ಕು "ಹೇಡ್ನಿಂಗ್" ಎಂದ. ಹಿಂದೂ ಎಂಬುದಕ್ಕೆ ಅವರ ಭಾಷೆಯ ಮಾತು ಇದು ಎಂದು ಸೂರಪ್ಪ ತಿಳಿದ. ನಿಜವಾದ ದೇವರನ್ನರಿಯದ ಪಾಮರ ಎಂದು ಅದರ ಅರ್ಥವೆಂಬುದು ಅವನಿಗೆ ಕಡೆಯವರೆಗೂ ಗೊತ್ತಾಗಲಿಲ್ಲ. ಗೊತ್ತಿದ್ದರೆ ಅಷ್ಟು ಅಕ್ಕರೆಯಿಂದ ಬಾಯಿಪಾಠ ಮಾಡುತ್ತಿರಲಿಲ್ಲ.

ಚೀಲ ಸಿಕ್ಕಿತು, ದೊರೆ ಬಳ್ಳಾರಿಗೆ ಹೋದ. ಸೂರಪ್ಪನಿಗೆ ಉಳಿದದ್ದು ಏಳು ಮಾತು. ಇಡೀ ತಾಲ್ಲೂಕಿನಲ್ಲಿ ಬೇರೆ ಯಾರಿಗೂ ಬಾರದ ಏಳು ಮಾತು. ಮುಂದೆ ಎಂದಾದರೂ ಇನ್ನೊಬ್ಬ ನಾರ್ವೆಯವನು ಬಂದರೆ ತನ್ನ ಮರದಡಿಗೇ ಬರಬೇಕು ಎಂದು ಆತ ದಿನವೂ ಬೆಳಿಗ್ಗೆ ಅವನ್ನು ಮಸೆದಿಡುತ್ತಿದ್ದ.

ಮುಖ ತೊಳೆದು ಒಳಗೆ ಬಂದರೆ ಹೆಂಡತಿ ಉಜ್ಜಿನಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು.

"ಕ್ರಿಸ್ಟನ್ ಅಂದ್ರ ಯಾರ್ರಿ?" ಎಂದಳು.

ಸೂರಪ್ಪ ತಬ್ಬಿಬ್ಬಾಗಿ, ಯಾರೂ ಅಲ್ಲ, ಅದೊಂದು ಮತ ಎಂದ. ನಿದ್ದೆಗಣ್ಣಿನಲ್ಲಿ ಎರಡು ದಿನದಿಂದ ಅದೇ ಹೆಸರು ಜಪಿಸುತ್ತಿದ್ದೀರಿ, ಮತವನ್ನು ಯಾರಾದರೂ ಅಷ್ಟು ಮೆತ್ತಗೆ ಕರೆಯುತ್ತಾರೆಯೇ ಎಂದು ಉಜ್ಜಿನಮ್ಮ ಕೇಳಿದಳು. ಬಳ್ಳಾರಿಯ ಮಿಷನ್ ಆಸ್ಪತ್ರೆಯ ನರ್ಸುಗಳಿಗೆ ಇಂಥವೇ ಹೆಸರಿರುತ್ತವೆ ಎಂಬುದು ಆಕೆಗೆ ಗೊತ್ತಿತ್ತು. ಆ ದಿನದ ರೊಟ್ಟಿ ಒಂದು ಕಡೆ ಸೀದಿತ್ತು, ಇನ್ನೊಂದು ಕಡೆ ಹಸಿಯಾಗಿತ್ತು. ಸೂರಪ್ಪ ಅದನ್ನೇ ತಿಂದು, ರುಮಾಲು ಸುತ್ತಿಕೊಂಡು ಹೊರಟ.

ಅಷ್ಟರಲ್ಲಿ ಹಂಪಕ್ಕ ಓಣಿಯ ಕೊನೆಯಲ್ಲಿ ಪೋಲೀಸು ನಿಂಗಪ್ಪನನ್ನು ಹಿಡಿದು ನಿಲ್ಲಿಸಿ, ಕರುವಿನ ಕತೆಯನ್ನೆಲ್ಲ ಹೇಳಿ ಮುಗಿಸಿದ್ದಳು. ನಿಂಗಪ್ಪ ಗಿರಿಜಾ ಮೀಸೆಯ, ಗಟ್ಟಿ ಮೈಯ ಮನುಷ್ಯ. ಆದರೆ ಹೋದ ವರ್ಷ ಸಂತೆಯಲ್ಲಿ ಒಂದು ಟಗರು ತಿರುಗಿ ನಿಂತಾಗ ಪಡಸಾಲೆಯ ಮಾಡು ಹತ್ತಿ ಕೂತಿದ್ದ. ಅಂದಿನಿಂದ ಯಾರು ಪಿಸುಗುಟ್ಟಿದರೂ ತನ್ನ ಸುದ್ದಿಯೇ ಎಂಬ ಗುಮಾನಿ ಅವನಿಗೆ. ಸೂರಪ್ಪ ತಲೆ ತಗ್ಗಿಸಿಕೊಂಡು, ತನ್ನ ಗುಂಗಿನಲ್ಲಿ ತಾನು, ಮರೆತಿದ್ದ ಏಳನೆಯ ಮಾತು ಥಟ್ಟನೆ ನೆನಪಾದ ಖುಷಿಗೆ ಸ್ವಲ್ಪ ಜೋರಾಗಿಯೇ "ಹೇಡ್ನಿಂಗ್" ಎನ್ನುತ್ತ ಅವನೆದುರಿಗೇ ಬಂದ.

"ಯಾರಿಗ್ರಿ ಹೇಡಿ ನಿಂಗ ಅಂದಿದ್ದು?" ಎಂದ ನಿಂಗಪ್ಪ.

ಸೂರಪ್ಪ ಒಂದು ಹೆಜ್ಜೆ ಹಿಂದೆ ಸರಿದ. ನಿಮಗಲ್ಲ, ಯಾರಿಗೂ ಅಲ್ಲ, ಅದು ಬೇರೆ ಮಾತು ಎಂದು ತೊದಲಿದ. ಬೇರೆ ಎಂದರೆ ಯಾವ ಭಾಷೆಯದು ಎಂದು ನಿಂಗಪ್ಪ ಹಿಡಿದುಕೊಂಡ. ಸೂರಪ್ಪ ರುಮಾಲು ಸರಿಪಡಿಸಿಕೊಂಡ. ನಿಂಗಪ್ಪ ಅವನನ್ನು ಮೇಲಿಂದ ಕೆಳಗೆ ಅಳೆದು, ದನಿ ತಗ್ಗಿಸಿದ. "ಹೋದ ವಾರ ಬಂದಿದ್ನಲ್ಲ ಆ ಬಿಳಿಯ, ಅವನ ಭಾಷೆ ಯಾರಿಗೆ ಬರ್ತೈತಿ ಅಂತ ಸಾಹೇಬ್ರು ನಿನ್ನೆಯಿಂದ ಊರೆಲ್ಲ ಹುಡುಕಿಸಾಕತ್ತಾರ. ಯಾಕ ಅಂತ ನಮಗೂ ಹೇಳಿಲ್ಲ. ಹನ್ನೆರಡು ಗಂಟೆಗೆ ಕಚೇರಿಗೆ ಬರ್ರಿ. ಓಡಿ ಹೋಗಬ್ಯಾಡ್ರಿ." ಹಂಪಕ್ಕ ಹಿಂದಿನಿಂದ, ತನ್ನ ಕರುವಿನ ವಿಷಯವನ್ನೂ ಅಲ್ಲೇ ಇತ್ಯರ್ಥ ಮಾಡಬೇಕೆಂದು ಸೇರಿಸಿದಳು.

ಸೂರಪ್ಪ ಮರದಡಿಗೆ ಬಂದು ಚಾಪೆಯನ್ನು ತಲೆಕೆಳಗಾಗಿ ಹಾಸಿದ. ಮರದ ಇನ್ನೊಂದು ಬದಿಯಲ್ಲಿ ಅರ್ಜಿ ಬರೆಯುವ ಕೊಟ್ರಬಸಪ್ಪ ಆಗಲೇ ಬಂದು ಕೂತಿದ್ದ. ಸೂರಪ್ಪನಿಗಿಂತ ಹತ್ತು ವರ್ಷ ದೊಡ್ಡವನು, ಕಿವಿಗಳು ಮೊರದಷ್ಟಗಲ. ದೊರೆ ಬಂದಿದ್ದ ದಿನ ನೇಮಕಲ್ಲು ಆಂಜನೇಯನಿಗೆ ಹರಕೆ ತೀರಿಸಲು ಹೋಗಿದ್ದರಿಂದ ಆ ಬಯಲಾಟವನ್ನು ಆತ ನೋಡಿರಲಿಲ್ಲ. ಸೂರಪ್ಪನ ಮುಖ ಕಂಡು ಏನಾಯಿತೆಂದು ಕೇಳಿದ. ಮೊದಲು ಸೂರಪ್ಪ ಏನಿಲ್ಲ ಎಂದ. ಎರಡನೆಯ ಸಲ ಕೇಳಿದಾಗ ಎಲ್ಲವನ್ನೂ ಹೇಳಿದ.

ಕೊಟ್ರಬಸಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮರದ ಮೇಲಕ್ಕೂ ನೋಡಿದ. ಆಮೇಲೆ ಚಾಪೆಯನ್ನು ಸೂರಪ್ಪನ ಪಕ್ಕಕ್ಕೆ ಎಳೆದುಕೊಂಡು, ಇದು ಸಣ್ಣ ವಿಷಯವಲ್ಲ ಎಂದ. ಯುದ್ಧದ ಕಾಲ. ಆ ಬಿಳಿಯ ನಾರ್ವೆಯವನೋ ಜರ್ಮನಿಯವನೋ ಬಲ್ಲವರು ಯಾರು? ಗುಂತಕಲ್ಲಿನಲ್ಲಿ ಒಬ್ಬ ಹಾರ್ಮೋನಿಯಂ ರಿಪೇರಿಯವನನ್ನು ಬರೀ ಸೀಟಿ ಹೊಡೆದದ್ದಕ್ಕೆ ಹಿಡಿದುಕೊಂಡು ಹೋಗಿ, ಇನ್ನೂ ಬಿಟ್ಟಿಲ್ಲವಂತೆ. ಅಂಥದ್ದರಲ್ಲಿ ಸೂರಪ್ಪನ ಬಾಯಲ್ಲಿ ಇಡೀ ಮಾತುಗಳೇ ಇವೆ.

"ಹಂಗಾದ್ರ ಏನ್ ಮಾಡಬೇಕಣ್ಣ?"

"ನಂಗೊಂದೂ ಬರಂಗಿಲ್ಲ ಅಂದುಬಿಡು. ಆಣೆ ಮಾಡು ಅಂದ್ರೂ ಮಾಡಿಬಿಡು," ಎಂದ ಕೊಟ್ರಬಸಪ್ಪ. ಗಡ್ಡ ಕೆರೆದುಕೊಂಡು, "ಮೊದ್ಲು ಆ ಮಾತು ಯಾವುವು, ನಂಗ ಹೇಳು. ಯಾವುದರಾಗ ಎಷ್ಟು ಅಪಾಯ ಐತಿ ನೋಡೋಣು," ಎಂದ.

ಮುಳುಗುವವನಿಗೆ ಹುಲ್ಲು ಕಡ್ಡಿಯೂ ಆಸರೆ. ಸೂರಪ್ಪ ಒಂದೊಂದಾಗಿ ಹೇಳಿದ, ಅರ್ಥ ಸಮೇತ. ದರ್ಜಿಯ ಮಾತಿಗೆ ಕೊಟ್ರಬಸಪ್ಪ ಪರವಾಗಿಲ್ಲ ಎಂಬಂತೆ ತಲೆದೂಗಿದ. ಅಡಿಗೆಯವನ ಮಾತು ಕೇಳಿ, ನಮ್ಮಲ್ಲಿ ಕೆಲಸದಿಂದ ತೆಗೆಯುವುದಕ್ಕೆ ಅಲ್ಲವೇ ಕೊಕ್ ಕೊಡುವುದು ಎನ್ನುವುದು, ಸರ್ಕಾರದ ಕಿವಿಗೆ ಇದು ಒಳ್ಳೆಯದಲ್ಲ ಎಂದ. ಮ್ಯಾಜಿಸ್ಟ್ರೇಟರ ಮಾತಿಗೆ ಬಂದಾಗ ಮಾತ್ರ ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದ. ಸಾಹೇಬರನ್ನು ದೊಂಬರಾಟದವರು ಎಂದಂತಾಗುತ್ತದೆ, ಈ ಒಂದಕ್ಕೇ ಆರು ತಿಂಗಳು ಗ್ಯಾರಂಟಿ ಎಂದ. ಪ್ರತಿಯೊಂದನ್ನೂ, ಸರಿಯಾಗಿ ಕೇಳಿಸಲಿಲ್ಲ ಎಂದು ಎರಡು ಮೂರು ಸಲ ಹೇಳಿಸಿಕೊಂಡ. ತನ್ನ ಸಲುವಾಗಿ ಈತ ಇಷ್ಟು ತೊಂದರೆ ತೆಗೆದುಕೊಳ್ಳುತ್ತಿದ್ದಾನಲ್ಲ ಎಂದು ಸೂರಪ್ಪನ ಕಣ್ಣುಗಳು ಒದ್ದೆಯಾದವು. ಈವರೆಗೆ ಈ ಮನುಷ್ಯನನ್ನು ಗಿರಾಕಿ ಕದಿಯುವವನೆಂದು ಸಂಶಯಪಟ್ಟದ್ದು ತಪ್ಪಾಯಿತು ಎಂದೂ ಮನಸ್ಸಿನಲ್ಲೇ ಅಂದುಕೊಂಡ.

ಹನ್ನೆರಡಕ್ಕೆ ಡವಾಲಿ ಹಾಕಿಕೊಂಡ ಜವಾನ ಓಬಯ್ಯ ಹೊರಗೆ ಬಂದು ಸೂರಪ್ಪನ ಹೆಸರು ಕೂಗಿದ. ಕಚೇರಿಯ ಬಾಗಿಲಲ್ಲಿ ಆಗಲೇ ಅರ್ಧ ಓಣಿ ನೆರೆದಿತ್ತು. ಹಂಪಕ್ಕ ಮುಂದೆ, ಅವಳ ಹಿಂದೆ ಉಜ್ಜಿನಮ್ಮ. ಕ್ರಿಸ್ಟನ್ ವಿಷಯ ಕೋರ್ಟಿನಲ್ಲಾದರೂ ಹೊರಬೀಳಬಹುದೆಂದು ಆಕೆ ಬಂದಿದ್ದಳು. ಕೊಟ್ರಬಸಪ್ಪ ಧೈರ್ಯ ಹೇಳುವವನ ಹಾಗೆ ಸೂರಪ್ಪನ ಬೆನ್ನ ಹಿಂದೆಯೇ ಒಳಗೆ ಬಂದು ಗೋಡೆಗೆ ಒರಗಿದ.

ಮ್ಯಾಜಿಸ್ಟ್ರೇಟ್ ಸಾಹೇಬರು ಮಂಗಳೂರಿನ ಕಡೆಯವರು, ಹೊಸದಾಗಿ ವರ್ಗವಾಗಿ ಬಂದವರು. ಎಲ್ಲರೂ ಸುಳ್ಳು ಹೇಳುತ್ತಾರೆ, ಹೇಳದವರು ಇನ್ನೂ ಹೇಳಿಲ್ಲ ಅಷ್ಟೇ, ಎಂಬುದು ಅವರ ನಂಬಿಕೆ. ಅವರು ಮೊದಲು ನಿಂಗಪ್ಪನನ್ನು ಕೇಳಿದರು. ನಿಂಗಪ್ಪ ಟಗರಿನ ಪ್ರಸಂಗವನ್ನು ಬಿಟ್ಟು ಉಳಿದದ್ದನ್ನು ಹೇಳಿದ. ಆಮೇಲೆ ಹಂಪಕ್ಕ, ಲೇಗ ಎಂದು ಹೇಳಿ ಉಗುಳಿದ್ದನ್ನು ತಾನು ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ ಎಂದಳು. ಸಾಹೇಬರು ಕನ್ನಡಕದ ಮೇಲಿಂದ ಸೂರಪ್ಪನನ್ನು ನೋಡಿದರು.

"ನಾನು ಕೇಳುವುದು ಒಂದೇ ಪ್ರಶ್ನೆ. ಆ ಪರದೇಶಿಯ ಭಾಷೆ ನಿಮಗೆ ಬರುತ್ತದೆಯೋ ಇಲ್ಲವೋ? ಪ್ರಮಾಣ ಮಾಡಿ ಹೇಳಬೇಕು."

ಗುಮಾಸ್ತ ಬರೆದುಕೊಳ್ಳಲು ಕೂತ. ಹೆಸರು ಕೇಳಿದ, ತಂದೆಯ ಹೆಸರು ಕೇಳಿದ. ಕಸುಬು ಕೇಳಿದಾಗ ಸೂರಪ್ಪ ಅರ್ಜಿ ಬರೆಯುವುದು ಎಂದ. ಮತ ಕೇಳಿದಾಗ ಹೇಡ್ನಿಂಗ್ ಎಂಬುದು ನಾಲಿಗೆಯ ತುದಿಯವರೆಗೆ ಬಂದುಬಿಟ್ಟಿತ್ತು. ಅದನ್ನು ನುಂಗಿ ಹಿಂದೂ ಎಂದ. ದೇವರ ಮೇಲೆ ಪ್ರಮಾಣ ಮಾಡಿದ. ಬೆನ್ನ ಹಿಂದೆ ಕೊಟ್ರಬಸಪ್ಪ ಮೆಲ್ಲಗೆ ಕೆಮ್ಮಿ ಧೈರ್ಯ ಕೊಟ್ಟ.

"ನಂಗ ಆ ಭಾಷೆ ಒಂದಕ್ಷರಾನೂ ಬರಂಗಿಲ್ರಿ ಸ್ವಾಮಿ," ಎಂದ.

ಹಾಗಾದರೆ ಬೆಳಿಗ್ಗೆ ಹಿತ್ತಲಲ್ಲಿ ಹೇಳುತ್ತಿದ್ದುದು ಏನು ಎಂದು ಸಾಹೇಬರು ಕೇಳಿದರು. ಸೂರಪ್ಪ ಅದಕ್ಕೆ ಉತ್ತರ ಯೋಚಿಸಿಕೊಂಡು ಬಂದಿರಲಿಲ್ಲ. ಬೇವಿನ ಕಡ್ಡಿ ಕಣ್ಣಮುಂದೆ ಬಂತು. "ಮಂತ್ರ ಸ್ವಾಮಿ. ಹಲ್ಲುನೋವಿನ ಮಂತ್ರ. ನಮ್ಮ ಮುತ್ತಾತನ ಕಾಲದಿಂದ ಬಂದೈತಿ," ಎಂದುಬಿಟ್ಟ. ಗುಮಾಸ್ತ ಅದನ್ನೂ ಬರೆದುಕೊಂಡ. ಬಾಗಿಲಲ್ಲಿದ್ದ ಜನ ಗುಸುಗುಸು ಮಾಡಿದರು. ಹಂಪಕ್ಕ ಎರಡು ಹೆಜ್ಜೆ ಹಿಂದೆ ಸರಿದಳು.

ಸಾಹೇಬರು ಲೇಖಣಿ ಕೆಳಗಿಟ್ಟು ಉಸಿರು ಬಿಟ್ಟರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನಿರಾಶೆ ಇತ್ತು. ಆಮೇಲೆ ಅವರು ವಿಷಯ ಬಿಡಿಸಿ ಹೇಳಿದರು. ನಾರ್ವೆಯವರು ನಮ್ಮ ಸರ್ಕಾರದ ಮಿತ್ರರು. ಅವರ ಹಡಗಿನ ಜನ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದಾರೆ. ಯಾರ ಕಸುಬೇನು, ಯಾರ ಮತ ಯಾವುದು ಎಂದು ಇಂಗ್ಲಿಷಿನಲ್ಲಿ ಬರೆದುಕೊಡುವವರಿಲ್ಲದೆ ಅವರನ್ನು ಮುಂದಕ್ಕೆ ಕಳಿಸಲಾಗುತ್ತಿಲ್ಲ. ಅದಕ್ಕೆ ಒಬ್ಬ ದುಭಾಷಿಯನ್ನು ಹುಡುಕಿಕೊಡಿ ಎಂದು ಕಲೆಕ್ಟರರ ಅಪ್ಪಣೆ ಬಂದಿದೆ. ಕಾಯಂ ಕೆಲಸ, ಸರ್ಕಾರಿ ಕೋಟು, ಮುದುಕನಾದ ಮೇಲೆ ಪಿಂಚಣಿ.

"ಕೆಲಸ ಅಂತ ಮೊದಲೇ ಸಾರಿಸಿದ್ದರೆ ಊರಿನವರೆಲ್ಲ ನಾರ್ವೆಯವರಾಗಿಬಿಡುತ್ತಿದ್ದರು. ಅದಕ್ಕೇ ಯಾರಿಗೂ ಹೇಳಿರಲಿಲ್ಲ," ಎಂದರು ಸಾಹೇಬರು.

ಸೂರಪ್ಪ ಬಾಯಿ ತೆರೆದ. ಗುಮಾಸ್ತ ಬರೆದ ಶಾಯಿ ಇನ್ನೂ ಒಣಗಿರಲಿಲ್ಲ. ಸುಳ್ಳು ಪ್ರಮಾಣಕ್ಕೆ ಎಷ್ಟು ವರ್ಷ ಎಂಬುದು ಅರ್ಜಿ ಬರೆಯುವವನಿಗೆ ಬೇರೆಯವರು ಹೇಳಬೇಕಾಗಿಲ್ಲ. ಸೂರಪ್ಪ ಬಾಯಿ ಮುಚ್ಚಿದ.

ಆಗ ಗೋಡೆಯ ಕಡೆಯಿಂದ ಕೊಟ್ರಬಸಪ್ಪ ಮುಂದೆ ಬಂದು, ನಡು ಬಗ್ಗಿಸಿ ನಮಸ್ಕಾರ ಮಾಡಿದ. "ನಂಗ ಅಷ್ಟಿಷ್ಟು ಬರ್ತೈತ್ರಿ ಸ್ವಾಮಿ," ಎಂದ.

ಓಬಯ್ಯ ಎಲ್ಲೋ ನೋಡುತ್ತ ನಿಂತ. ಕೊಟ್ರಬಸಪ್ಪ ದಿನಾ ಬೆಳಿಗ್ಗೆ ಅವನಿಗೆ ಎಲೆ ಅಡಿಕೆ ಕೊಡುತ್ತಿದ್ದುದು ಬರೀ ಸ್ನೇಹಕ್ಕಲ್ಲ, ಕಚೇರಿಯ ಒಳಗಿನ ಸುದ್ದಿಗೆ ಎಂದು ಸೂರಪ್ಪನಿಗೆ ಆಗ ಹೊಳೆಯಿತು. ಸಾಹೇಬರು ಯಾರನ್ನೂ ನಂಬುವವರಲ್ಲ. ದರ್ಜಿಗೆ ಏನೆನ್ನುತ್ತಾರೆ ಎಂದು ಕೇಳಿ, ನಡುವೆ ಊರಿನ ಮಳೆಬೆಳೆ ವಿಚಾರಿಸಿ, ಮತ್ತೆ ಥಟ್ಟನೆ ದರ್ಜಿಯನ್ನೇ ಕೇಳಿದರು. ಕಟ್ಟಿ ಹೇಳಿದ ಮಾತಾದರೆ ಎರಡನೆಯ ಸಲಕ್ಕೆ ಬದಲಾಗುತ್ತದೆ ಎಂಬುದು ಅವರ ಲೆಕ್ಕ. ಎರಡು ಸಲವೂ ಸ್ಕ್ರೆಡರ್ ಎಂದೇ ಬಂತು. ಕಮ್ಮಾರ, ಅಡಿಗೆಯವ, ಕ್ರೈಸ್ತ, ಎಲ್ಲಕ್ಕೂ ಉತ್ತರ ಬಂತು. ಹಂಪಕ್ಕನ ಲೇಗೆ, ನಿಂಗಪ್ಪನ ಹೇಡ್ನಿಂಗ್, ಈ ಎರಡರ ಹತ್ತಿರಕ್ಕೆ ಮಾತ್ರ, ಅವು ಸೂರಪ್ಪನವೆಂದು ಗುರುತು ಸಿಕ್ಕೀತೆಂದು, ಕೊಟ್ರಬಸಪ್ಪ ಸುಳಿಯಲೇ ಇಲ್ಲ.

"ಒಳ್ಳೆಯದು. ನನ್ನಂಥವನಿಗೆ ಏನೆನ್ನುತ್ತಾರೆ?"

"ದೊಮ್ಮರ್, ಸ್ವಾಮಿ."

ಸಾಹೇಬರ ಹುಬ್ಬು ಮೇಲೇರಿತು. ಸೂರಪ್ಪನಿಗೆ ಒಂದು ಗಳಿಗೆ ಆಸೆ ಮೂಡಿತು. ಕೊಟ್ರಬಸಪ್ಪ ಇನ್ನೊಮ್ಮೆ ನಡು ಬಗ್ಗಿಸಿ, "ನ್ಯಾಯ ಅನ್ನೋ ಹಗ್ಗದ ಮ್ಯಾಲೆ ಒಂದಿಷ್ಟೂ ವಾಲದಂಗ ನಡೆಯೋರು ಅಂತ ಅರ್ಥ ಸ್ವಾಮಿ. ಅವರ ಕಡೆ ಬಹಳ ದೊಡ್ಡ ಮಾತು," ಎಂದ. ಸಾಹೇಬರ ಹುಬ್ಬು ಇಳಿಯಿತು. ದೊಮ್ಮರ್ ಎಂದು ಅವರೂ ಒಮ್ಮೆ ಮೆಲ್ಲಗೆ ಹೇಳಿ ನೋಡಿಕೊಂಡರು. ಹಿಡಿಸಿತು. ಸಂಜೆಯ ರೈಲಿಗೇ ಹೊರಡಬೇಕೆಂದು ಅಪ್ಪಣೆಯಾಯಿತು.

ಸೂರಪ್ಪ ಮನೆಗೆ ಬಂದು ನಡುಮನೆಯಲ್ಲಿ ರುಮಾಲು ಕೂಡ ತೆಗೆಯದೆ ಕೂತ. ರೈಲು ಸೀಟಿ ಹಾಕಿ ಬಳ್ಳಾರಿಯ ಕಡೆ ಹೋಯಿತು. ದೀಪ ಹಚ್ಚಲು ಬಂದ ಉಜ್ಜಿನಮ್ಮ, ಕ್ರಿಸ್ಟನ್ ಎಂದರೆ ನಿಜವಾಗಿಯೂ ಮತದ ಹೆಸರು ಎಂದು ಕೊಟ್ರಬಸಪ್ಪ ಕಚೇರಿಯಲ್ಲಿ ಹೇಳಿದ್ದನ್ನು ಕೇಳಿದೆ ಎಂದಳು. ಹಾಗಾದರೆ ಆ ಭಾಷೆ ನಿಮಗೂ ಬರುತ್ತಿತ್ತಲ್ಲ ಎಂದಳು. ಸೂರಪ್ಪ ಹೂಂ ಎಂದ. ಏಳೂ ಬರುತ್ತಿದ್ದವು ಎಂದ.

ಉಜ್ಜಿನಮ್ಮ ಬತ್ತಿ ಹೊಸೆದು ದೀಪಕ್ಕಿಟ್ಟಳು.

"ಮದುವಿಯಾದಾಗಿಂದ ಹೇಳೀನಿ, ನಾಕು ಕಾಸಿನ ಲಾಭ ಆಗೋ ಹಂಗಿದ್ರ ಒಂದು ಸುಳ್ಳು ಹೇಳಿದ್ರ ತಪ್ಪಿಲ್ಲ ಅಂತ. ಒಂದಿನಾನೂ ಕೇಳ್ಲಿಲ್ಲ ನೀವು. ಹೇಳಾಕ ಇವತ್ತೇ ಬೇಕಾಗಿತ್ತೇನ್ರಿ?" ಎಂದಳು.

ಅಷ್ಟರಲ್ಲಿ ಬಾಗಿಲ ಚಿಲಕ ಸದ್ದಾಯಿತು. ಓಬಯ್ಯ ಲಾಟೀನು ಹಿಡಿದು ನಿಂತಿದ್ದ. ಮಧ್ಯಾಹ್ನದಷ್ಟು ಬಿಗಿಯಾಗಿರಲಿಲ್ಲ, ದನಿಯಲ್ಲಿ ಹೊಸ ಮರ್ಯಾದೆಯಿತ್ತು.

"ಸಾಹೇಬ್ರಿಗೆ ನಾಕು ದಿನದಿಂದ ದವಡಿ ಹಲ್ಲು ಬಾಳ ನೋಯಾಕತ್ತೈತ್ರಿ. ಲವಂಗ ಇಟ್ಟು ಸಾಕಾಗೈತಿ. ನಿಮ್ಮನ್ನ ಕರಕೊಂಡು ಬಾ ಅಂದಾರ. ಮಂತ್ರ ಗಟ್ಟಿಯಾಗಿ, ಅವರಿಗೆ ಕೇಳೋ ಹಂಗ ಹೇಳಬೇಕಂತ. ಬಾಯಾಗ ಗುಣುಗೋ ಮಂತ್ರದ ಮ್ಯಾಲೆ ಅವರಿಗೆ ನಂಬಿಕೆ ಇಲ್ಲಂತ."

ಸೂರಪ್ಪ ಎದ್ದು ಲಾಟೀನಿನ ಹಿಂದೆ ನಡೆದ. ಓಣಿಯ ಉದ್ದಕ್ಕೂ ಯಾವುದಾದರೊಂದು ಮಂತ್ರಕ್ಕಾಗಿ ತಲೆಯೊಳಗೆ ತಡಕಾಡಿದ, ಒಂದು ಶ್ಲೋಕದ ತುಂಡಾದರೂ ಸಿಗಲೆಂದು ನೇಮಕಲ್ಲು ಆಂಜನೇಯನಿಗೆ ಹರಕೆಯನ್ನೂ ಹೊತ್ತ. ಸಾಹೇಬರ ಬಂಗಲೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಅವನ ನಾಲಿಗೆಯ ಮೇಲೆ ಸಾಲಾಗಿ ಬಂದು ನಿಂತದ್ದು ಮಾತ್ರ ಆ ಏಳೇ. ಅದರಲ್ಲಿ ಐದನ್ನು ಈಗ ಸಾಹೇಬರೂ ಬಲ್ಲರು.

ಒಳಗೆ ಸಾಹೇಬರು ಕೆನ್ನೆಗೆ ವಸ್ತ್ರ ಕಟ್ಟಿಕೊಂಡು, ಬಾಯಿ ಅಗಲವಾಗಿ ತೆರೆದು, ಎರಡು ಕಿವಿಯನ್ನೂ ಚೆನ್ನಾಗಿ ನಿಗುರಿಸಿಕೊಂಡು ಕಾಯುತ್ತಿದ್ದರು.